ಕಾಡುಬಾತು ಕೂತಿತು, ಮೀನು ಸತ್ತಿತು!



ಕಾರ್ತಿಕ ಕಳೆದು ಚಳಿ ಕಾಲಿಡುತ್ತಿದ್ದಂತೆ ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕೆರೆಕಟ್ಟೆಗಳಿಗೆ ಕಾಡುಬಾತುಗಳು ಬಂದಿಳಿಯುತ್ತವೆ. ಇದು ಹೊಸ ಸಂಗತಿಯೇನೂ ಅಲ್ಲ. ಹೊಸದೆಂದರೆ, ಈಗ ಅವು ಊರ ಕೆರೆಯಲ್ಲಿ ಮಾತ್ರವಲ್ಲದೆ ನಿಮ್ಮ ತೋಟದ ಕೊಳದಲ್ಲಿಯೂ ಇಳಿಯುತ್ತಿವೆ. 2014ರಿಂದ ಈಚೆಗೆ ಕೃಷಿ ಭಾಗ್ಯ ಯೋಜನೆಯಲ್ಲಿ ರಾಜ್ಯದಾದ್ಯಂತ ಹೊಂಡಗಳಾದವು. ಅಡಿಕೆ, ಶುಂಠಿ, ತೆಂಗಿನ ತೋಟಗಳಲ್ಲಿ ಕೊಳವೆಬಾವಿಯ ನೀರನ್ನು ತುಂಬಿಡಲು ಸ್ವಂತ ಖರ್ಚಿನಲ್ಲಿ ಕೊಳ ತೋಡಿಸಿದವರೂ ಅನೇಕರು. ನೀರು ನಿಂತ ಮೇಲೆ ನಾಲ್ಕು ಮೀನುಮರಿ ಬಿಡೋಣವೆನ್ನಿಸುವುದು ಸಹಜ. ನೀರು, ಮೀನು, ಪಾಚಿ, ಹುಲ್ಲು ಎಲ್ಲವೂ ಇರುವಲ್ಲಿಗೆ ಹಕ್ಕಿ ಬರುವುದೂ ಅಷ್ಟೇ ಸಹಜ.

ಹೀಗಾಗಿ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ನಡೆಯುವ ರೈತರ ಸಭೆಗಳಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ. "ಆ ಹಾಳು ಬಾತುಕೋಳಿ ಬಂದವು ಸಾರ್, ಮಾರನೆಯ ದಿನದಿಂದಲೇ ಮೀನು ತೇಲೋಕೆ ಶುರುವಾಯ್ತು. ಏನೋ ರೋಗ ತರ್ತವೆ. ಏನಾದರೂ ಔಷಧಿ ಹೇಳಿ" ಎನ್ನುತ್ತಾರೆ. ಔಷಧಿ ಬೇಕಾಗಿರುವುದು ಮೀನಿಗೋ ಬಾತಿಗೋ ಎಂದು ಕೇಳಿದರೆ ಸಭೆ ನಗುತ್ತದೆ. ಆದರೆ ಕೆಲವರ ಮನಸ್ಸಿನಲ್ಲಿರುವುದು ಎರಡನೆಯದೇ ಎಂದು ನನಗೆ ಗೊತ್ತು. ಅದಕ್ಕಾಗಿಯೇ ಈ ಲೇಖನ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆ ನಮ್ಮಲ್ಲಿದೆ. ತೋಟದ ಕೊಳದ ಮೀನು ಸಾಯುವ ಬಹುಪಾಲು ಸಂದರ್ಭಗಳಲ್ಲಿ ಕಾಡುಬಾತು ಆ ಕಾಗೆಯಂತೆ. ಕೊಂಬೆಗೆ ಹುಳು ಹಿಡಿದದ್ದು ಬೇರೆ ಕಾರಣದಿಂದ. ಕಾಗೆಯನ್ನು ಓಡಿಸಿದ ಮಾತ್ರಕ್ಕೆ ಕೊಂಬೆ ಗಟ್ಟಿಯಾಗುವುದಿಲ್ಲ. ಹಾಗೆಂದು ಹಕ್ಕಿಗಳಿಂದ ಯಾವ ತೊಂದರೆಯೂ ಇಲ್ಲವೆಂದು ನಾನು ಹೇಳುವುದಿಲ್ಲ. ತೊಂದರೆ ಯಾವುದು, ಯಾವ ಹಕ್ಕಿಯಿಂದ, ಯಾವಾಗ ಎಂಬುದನ್ನು ವಿಂಗಡಿಸಿ ನೋಡಬೇಕೆಂಬುದಷ್ಟೇ ನನ್ನ ವಾದ.

ನಾನೂ ತಪ್ಪಿದ್ದೆ

ಈ ತಪ್ಪು ತಿಳಿವಳಿಕೆಗೆ ನಮ್ಮಂತಹ ವಿಜ್ಞಾನಿಗಳೂ ಕಾರಣರೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ನಾನು ಬೇಸಾಯಶಾಸ್ತ್ರದವನು, ಮೀನಿನ ತಜ್ಞನಲ್ಲ. ಕೆಲವು ವರ್ಷಗಳ ಹಿಂದೆ ಕೊಪ್ಪದ ಬಳಿಯ ರೈತರೊಬ್ಬರು ಸಭೆಯೊಂದರಲ್ಲಿ ಇದೇ ದೂರನ್ನು ಹೇಳಿದರು. ಅವರದು ಸುಮಾರು 10 ಗುಂಟೆಯ ಮಣ್ಣಿನ ಕೊಳ. ಕಾಟ್ಲಾ, ರೋಹು, ಮೃಗಾಲ್ ಬಿಟ್ಟಿದ್ದರು. ಸಂಜೆ ಹತ್ತು ಹನ್ನೆರಡು ಬಾತುಗಳು ಇಳಿದಿದ್ದವು, ಮೂರನೆಯ ದಿನ ಮೀನು ಹೊಟ್ಟೆ ಮೇಲಾಗಿ ತೇಲಿದವು ಎಂದರು. ನಾನು ಹೆಚ್ಚು ವಿಚಾರಿಸದೆ, "ಹಕ್ಕಿ ಬಾರದಂತೆ ನೋಡಿಕೊಳ್ಳಿ" ಎಂದುಬಿಟ್ಟೆ. ಅವರು ನನ್ನ ಮಾತನ್ನು ನಂಬಿ ಕೊಳದ ಮೇಲೆ ಪೂರ್ತಿ ಬಲೆ ಕಟ್ಟಿಸಿದರು. ಮುಂದಿನ ಚಳಿಗಾಲ ಒಂದು ಬಾತೂ ಇಳಿಯಲಿಲ್ಲ. ಮೀನು ಮಾತ್ರ ಹಿಂದಿನ ವರ್ಷದಂತೆಯೇ ಸತ್ತವು.

ಈ ಸಲ ಅವರು ಕರೆದಾಗ ನಾನು ಬೆಳಗಿನ ಜಾವವೇ ಹೋದೆ. ನಾಲ್ಕು ದಿನದಿಂದ ಮೋಡ ಮುಸುಕಿತ್ತು. ದೊಡ್ಡ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದವು. ನೀರು ಹಸಿರು ಬಣ್ಣ ಕಲಸಿದಂತಿತ್ತು. ತೋಳನ್ನು ಮೊಣಕೈವರೆಗೆ ನೀರಿನಲ್ಲಿಳಿಸಿದರೆ ಅಂಗೈ ಕಾಣುತ್ತಿರಲಿಲ್ಲ. ಕೊಟ್ಟಿಗೆಯ ಗಂಜಳ, ಸಗಣಿಯೆಲ್ಲ ಒಂದು ಮೂಲೆಯಿಂದ ದಿನವೂ ಕೊಳಕ್ಕೆ ಇಳಿಯುತ್ತಿತ್ತು. ಮೀನು ಬೇಗ ಬೆಳೆಯಲೆಂದು ತೌಡು, ಹಿಂಡಿಯನ್ನು ಧಾರಾಳವಾಗಿ ಎರಚುತ್ತಿದ್ದರು. ಉಸಿರುಗಟ್ಟಿ ಸಾಯುತ್ತಿದ್ದ ಮೀನಿಗೆ ನಾನು ಬಲೆಯನ್ನು ಸೂಚಿಸಿದ್ದೆ! ಆ ಬಲೆಯ ಖರ್ಚು ಅವರ ತಲೆಗೆ ಬಿತ್ತು. ಅಂದಿನಿಂದ ಹಕ್ಕಿಯ ದೂರು ಬಂದರೆ ನಾನು ಮೊದಲು ಕೇಳುವುದು ನೀರಿನ ಬಣ್ಣವನ್ನು.

ಬಂದ ಹಕ್ಕಿ ಯಾವುದು?

ನಮ್ಮ ರೈತರು ನೀರಿನ ಮೇಲೆ ತೇಲುವ ಹಕ್ಕಿಗಳಿಗೆಲ್ಲ ಬಾತುಕೋಳಿ ಎಂದೇ ಹೇಳುವುದು ವಾಡಿಕೆ. ಇದರಿಂದ ಅರ್ಧ ಗೊಂದಲ ಹುಟ್ಟುತ್ತದೆ. ನಮ್ಮ ಕೊಳಗಳಿಗೆ ಬರುವ ನಿಜವಾದ ಬಾತುಗಳಲ್ಲಿ ವರಟೆ ಮತ್ತು ಶಿಳ್ಳೆಬಾತು ಇಲ್ಲಿಯವೇ. ವರ್ಷವಿಡೀ ಈ ಸೀಮೆಯಲ್ಲಿದ್ದು ನೀರಿರುವ ಕಡೆಗೆ ಹೋಗುತ್ತಿರುತ್ತವೆ. ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು ಮುಂತಾದವು ಉತ್ತರದ ಶೀತ ದೇಶಗಳಿಂದ ನವೆಂಬರ್ ಹೊತ್ತಿಗೆ ಬಂದು ಬೇಸಿಗೆಗೆ ಮುನ್ನ ಮರಳುವ ವಲಸೆಯ ಹಕ್ಕಿಗಳು. ಟಿಬೆಟ್, ಮಂಗೋಲಿಯಾಗಳ ಎತ್ತರದ ಸರೋವರಗಳ ಬಳಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತು ಪ್ರತಿ ಚಳಿಗಾಲ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬರುವುದು ಪ್ರಸಿದ್ಧವಾಗಿದೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳನ್ನು ಅಲ್ಲಿ ಪಕ್ಷಿವೀಕ್ಷಕರು ಕಂಡಿದ್ದಾರೆ. ಆದರೆ ಹೆಬ್ಬಾತು ವಿಶಾಲವಾದ ಕೆರೆಯನ್ನು ಬಯಸುವ ಹಕ್ಕಿ. ತೋಟದ ಚಿಕ್ಕ ಕೊಳಕ್ಕೆ ಅದು ಇಳಿಯುವುದು ಅಪರೂಪ.

ಈ ಬಾತುಗಳು ತಿನ್ನುವುದೇನು? ಮುಖ್ಯವಾಗಿ ಹುಲ್ಲಿನ ಬೀಜ, ಉದುರಿದ ಭತ್ತ, ನೀರುಗಿಡಗಳ ಚಿಗುರು ಮತ್ತು ಗೆಡ್ಡೆ, ಜೊತೆಗೆ ನೀರಿನ ಬಸವನಹುಳು ಮತ್ತು ಕೀಟಗಳು. ಕೈಗೆ ಸಿಕ್ಕ ಸಣ್ಣ ಮರಿಯನ್ನು ಬಿಡಲಾರವು, ನಿಜ. ಆದರೆ ಬೆನ್ನಟ್ಟಿ ಮೀನು ಹಿಡಿಯುವ ಕೊಕ್ಕು ಅವಕ್ಕಿಲ್ಲ. ನಾಲ್ಕು ಅಂಗುಲ ಮೀರಿದ ಮೀನುಮರಿಗೆ ಬಾತಿನಿಂದ ಭಯವಿಲ್ಲ. ಸಾಕಿದ ಬಾತು ಮತ್ತು ಮೀನನ್ನು ಒಂದೇ ಕೊಳದಲ್ಲಿ ಬೆಳೆಸುವ ಪದ್ಧತಿಯಲ್ಲಿ ಆ ಅಳತೆಯ ಮರಿಗಳನ್ನೇ ಬಿಡಬೇಕೆಂದು ಶಿಫಾರಸು ಮಾಡುವುದು ಈ ಕಾರಣದಿಂದಲೇ.

ಮೀನು ತಿನ್ನುವ ಹಕ್ಕಿಗಳೇ ಬೇರೆ. ನೀರುಕಾಗೆ, ಹಾವಕ್ಕಿ, ಬಕ, ಮಿಂಚುಳ್ಳಿ ಇವುಗಳಲ್ಲಿ ಮುಖ್ಯವಾದವು. ನೀರುಕಾಗೆಯನ್ನು ದೂರದಿಂದ ಬಾತೆಂದು ತಿಳಿಯುವವರು ಬಹಳ. ಗುರುತಿಸುವುದು ಕಷ್ಟವಲ್ಲ. ಬಾತು ದೋಣಿಯಂತೆ ನೀರಿನ ಮೇಲೆ ಎತ್ತರವಾಗಿ ತೇಲುತ್ತದೆ. ಮೇಯುವಾಗ ತಲೆ ಮುಳುಗಿಸಿ ಬಾಲ ಮೇಲೆತ್ತುತ್ತದೆ. ನೀರುಕಾಗೆಯ ಮೈ ನೀರಿನಲ್ಲಿ ಬಹುಪಾಲು ಮುಳುಗಿ ಕುತ್ತಿಗೆ ಮಾತ್ರ ಎದ್ದು ಕಾಣುತ್ತದೆ. ಪೂರ್ತಿ ಮುಳುಗಿ ಬೇರೊಂದು ಕಡೆ ಏಳುತ್ತದೆ. ಆಮೇಲೆ ಗೂಟದ ಮೇಲೆ ಕುಳಿತು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತದೆ. ಮರಿ ಬಿಟ್ಟ ಮೊದಲ ತಿಂಗಳಲ್ಲಿ ನೀರುಕಾಗೆಯ ಹಿಂಡು ಇಳಿದರೆ ನಷ್ಟ ನಿಜಕ್ಕೂ ದೊಡ್ಡದು. ಆದರೆ ಅದು ಮೀನು ಕಾಣೆಯಾಗುವ ನಷ್ಟ. ಸತ್ತು ತೇಲುವ ನಷ್ಟವಲ್ಲ. ಮೀನು ತೇಲುತ್ತಿದೆಯೆಂದರೆ ಕಾರಣವನ್ನು ನೀರಿನೊಳಗೇ ಹುಡುಕಬೇಕು.

ಹಕ್ಕಿಯೂ ರೋಗವೂ ಒಂದೇ ಕಾಲಕ್ಕೆ

ಹಾಗಾದರೆ ಬಾತು ಬಂದಾಗಲೇ ಮೀನಿಗೆ ರೋಗ ಬರುವುದೇಕೆ? ಇದಕ್ಕೆ ಉತ್ತರ ಪಂಚಾಂಗದಲ್ಲಿದೆ. ಮಳೆಗಾಲದ ನೀರು ಹರಿದು ಬಂದು ಕೊಳ ತುಂಬಿದ ಮೇಲೆ ನೀರಿನ ಸುಣ್ಣದಂಶ ಕಡಿಮೆಯಾಗುತ್ತದೆ. ಚಳಿಗೆ ನೀರು ತಣ್ಣಗಾಗಿ ಮೀನಿನ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಮೀನಿನ ಹುಣ್ಣುರೋಗ ತಲೆಯೆತ್ತುವುದು ಇದೇ ಕಾಲದಲ್ಲಿ. ಈ ರೋಗ 1988ರಲ್ಲಿ ಭಾರತದ ಈಶಾನ್ಯ ಭಾಗದಲ್ಲಿ ಕಾಣಿಸಿಕೊಂಡು, ನಂತರದ ಕೆಲವೇ ವರ್ಷಗಳಲ್ಲಿ ಕರ್ನಾಟಕದ ಕೆರೆಗಳಿಗೂ ಹಬ್ಬಿತು. ಕೊರವ ಮೀನುಗಳ ಮೈಮೇಲೆ ಕೆಂಪು ಹುಣ್ಣುಗಳೆದ್ದು ಕೆರೆ ಕೆರೆಗಳಲ್ಲಿ ಸತ್ತದ್ದು ಹಿರಿಯ ರೈತರಿಗೆ ನೆನಪಿರಬಹುದು. ಇದರ ಮೂಲ ನೀರಿನಲ್ಲಿ ಬೆಳೆಯುವ ಅಫನೋಮೈಸಿಸ್ ಎಂಬ ಬೂಷ್ಟಿನಂತಹ ಜೀವಿ. ಇದು ಹರಡುವ ಮುಖ್ಯ ದಾರಿಗಳು ಹರಿಯುವ ನೀರು ಮತ್ತು ರೋಗ ತಗುಲಿದ ಮೀನುಗಳ ಸಾಗಾಣಿಕೆ. ಸಾಮಾನ್ಯ ಗೆಂಡೆಗೆ ಈ ರೋಗ ಅಷ್ಟಾಗಿ ತಗಲುವುದಿಲ್ಲ. ಕಾಟ್ಲಾ, ರೋಹು, ಮೃಗಾಲ್‌ಗಳಿಗೆ ತಗಲುತ್ತದೆ.

ಇದೇ ತಿಂಗಳುಗಳಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ನಮ್ಮಲ್ಲಿ ನಾಲ್ಕಾರು ದಿನ ಮೋಡ ಕವಿಯುವುದುಂಟು. ಪಾಚಿ ಬಿಸಿಲಿದ್ದಾಗ ಮಾತ್ರ ಆಮ್ಲಜನಕ ಉತ್ಪಾದಿಸುತ್ತದೆ. ರಾತ್ರಿಯೆಲ್ಲ ಅದೂ ಮೀನಿನಂತೆಯೇ ಆಮ್ಲಜನಕವನ್ನು ಬಳಸುತ್ತದೆ. ಬಿಸಿಲಿಲ್ಲದ ದಿನಗಳಲ್ಲಿ ಗಳಿಕೆ ಕಡಿಮೆ, ಖರ್ಚು ಅಷ್ಟೇ. ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಮೀನು ಸುಖವಾಗಿರುತ್ತದೆ. ಅದು 2 ಮಿಲಿಗ್ರಾಂಗೆ ಇಳಿದರೆ ಬಾಯಿ ತೆರೆಯುತ್ತದೆ. ಕೊಳದಲ್ಲಿ ಆಮ್ಲಜನಕ ಅತ್ಯಂತ ಕಡಿಮೆ ಇರುವ ಹೊತ್ತೆಂದರೆ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ನೀವು ಬೆಳಗ್ಗೆ ತೋಟಕ್ಕೆ ಹೋಗಿ ಸತ್ತ ಮೀನನ್ನು ನೋಡುವಾಗ, ರಾತ್ರಿ ಮೇಯಲು ಬಂದಿದ್ದ ಶಿಳ್ಳೆಬಾತುಗಳು ನಿಮ್ಮ ಕಾಲಿನ ಸದ್ದಿಗೆ ಎದ್ದು ಹಾರುತ್ತವೆ. ಕಳ್ಳ ಸಿಕ್ಕಿಬಿದ್ದನೆಂದು ನಿಮಗೆ ತೋರುತ್ತದೆ.

ಹಿಕ್ಕೆಯ ಲೆಕ್ಕ

ಬಾತಿನ ಹಿಕ್ಕೆಯಿಂದ ನೀರು ಕೆಡುತ್ತದೆಂಬುದು ಇನ್ನೊಂದು ಆಪಾದನೆ. ಇದನ್ನು ಲೆಕ್ಕ ಹಾಕಿಯೇ ನೋಡೋಣ. ಬಾತು-ಮೀನು ಮಿಶ್ರ ಸಾಕಣೆಯಲ್ಲಿ ಒಂದು ಹೆಕ್ಟೇರ್ ಕೊಳಕ್ಕೆ 200 ರಿಂದ 300 ಸಾಕುಬಾತುಗಳನ್ನು ಶಿಫಾರಸು ಮಾಡಲಾಗುತ್ತದೆ. ಅಂದರೆ 10 ಗುಂಟೆಯ ಕೊಳಕ್ಕೆ 20 ರಿಂದ 30 ಬಾತು. ಒಂದು ಸಾಕುಬಾತು ದಿನಕ್ಕೆ ಸುಮಾರು 125 ರಿಂದ 150 ಗ್ರಾಂ ಹಿಕ್ಕೆ ಹಾಕುತ್ತದೆ. ಆ ಗೊಬ್ಬರದಿಂದಲೇ ಮೀನಿನ ಆಹಾರವಾದ ಸೂಕ್ಷ್ಮಜೀವಿಗಳು ಬೆಳೆಯುತ್ತವೆ.

ನಿಮ್ಮ ಕೊಳಕ್ಕೆ ಹತ್ತು ಕಾಡುಬಾತುಗಳು ಬಂದವೆನ್ನಿ. ಹಗಲು ರಾತ್ರಿ ಅಲ್ಲಿಯೇ ಇದ್ದರೂ ಬೀಳುವ ಹಿಕ್ಕೆ ದಿನಕ್ಕೆ ಒಂದೂವರೆ ಕಿಲೋ ಮೀರಲಾರದು. ಕಾಡುಬಾತುಗಳಲ್ಲಿ ಅನೇಕವು ಸಾಕುಬಾತಿಗಿಂತ ಚಿಕ್ಕವು. ಶಿಳ್ಳೆಬಾತಿನ ತೂಕ ಅರ್ಧ ಕಿಲೋ ಮಾತ್ರ. ಅವು ಕೆಲವು ಗಂಟೆಗಳಿದ್ದು ಬೇರೆಡೆಗೆ ಹೋಗುತ್ತವೆ. ಹೋಲಿಕೆಗೆ, ಅದೇ 10 ಗುಂಟೆಗೆ ವರ್ಷಕ್ಕೆ ಒಂದು ಟನ್ ಸಗಣಿ ಹಾಕುವುದು ಸಾಮಾನ್ಯ ಶಿಫಾರಸು. ಇದು ದಿನಕ್ಕೆ ಸುಮಾರು 3 ಕಿಲೋ ಆಯಿತು. ಬಾತಿನ ಹಿಕ್ಕೆಯಲ್ಲಿ ಸಾರಜನಕ, ರಂಜಕಗಳು ಸಗಣಿಗಿಂತ ಹೆಚ್ಚು ಎಂಬುದನ್ನು ಗಣನೆಗೆ ತೆಗೆದುಕೊಂಡರೂ, ಹತ್ತು ಬಾತುಗಳಿಂದ ಒಳ್ಳೆಯ ಕೊಳ ಕೆಡುವುದಿಲ್ಲ. ಬಾತು ಬರುವ ದಿನಗಳಲ್ಲಿ ನೀವು ಹಾಕುವ ಸಗಣಿಯನ್ನು ಅಷ್ಟು ಕಡಿಮೆ ಮಾಡಿದರೆ ಲೆಕ್ಕ ಸರಿಹೋಗುತ್ತದೆ.

ಈ ಲೆಕ್ಕ ಎಲ್ಲ ಕೊಳಗಳಿಗೂ ಅನ್ವಯಿಸುವುದಿಲ್ಲ. ಬೇಸಿಗೆಯಲ್ಲಿ ನೀರಿಳಿದು ಮೊಣಕಾಲುದ್ದ ಉಳಿದಿರುವ ಕೊಳಕ್ಕೆ ನೂರು ಬಾತಿನ ಹಿಂಡು ದಿನವೂ ಬಂದರೆ, ಅಥವಾ ಮನೆಯ ಮುಂದಿನ ಪುಟ್ಟ ಸಿಮೆಂಟು ತೊಟ್ಟಿಯಲ್ಲಿ ನಾಲ್ಕು ಬಾತು ಠಿಕಾಣಿ ಹಾಕಿದರೆ ನೀರು ಕೆಟ್ಟೇ ಕೆಡುತ್ತದೆ. ಅಲ್ಲಿ ಹಕ್ಕಿಯನ್ನು ಬೆದರಿಸಿ ಕಳಿಸುವುದು ನ್ಯಾಯವಾದ ಕೆಲಸ.

ರೋಗ ತರುವುದೇ ಇಲ್ಲವೇ?

ಹಕ್ಕಿಗಳ ಮೂಲಕ ಮೀನಿಗೆ ಬರುವ ಪರೋಪಜೀವಿಗಳು ಇವೆ. ಕೆಲವು ಚಪ್ಪಟೆ ಹುಳುಗಳ ಜೀವನಚಕ್ರ ಮೂರು ಮನೆಗಳಲ್ಲಿ ನಡೆಯುತ್ತದೆ. ಹಕ್ಕಿಯ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆ ನೀರಿಗೆ ಬೀಳುತ್ತದೆ. ಅಲ್ಲಿಂದ ಬಸವನಹುಳುವಿನ ಮೈ ಸೇರಿ ಬೆಳೆದು, ಮತ್ತೆ ನೀರಿಗೆ ಬಂದು ಮೀನಿನ ಚರ್ಮ ಅಥವಾ ಕಣ್ಣನ್ನು ಹೊಕ್ಕು ಕೂರುತ್ತದೆ. ಮೀನನ್ನು ಹಕ್ಕಿ ತಿಂದಾಗ ಚಕ್ರ ಪೂರ್ತಿಯಾಗುತ್ತದೆ. ಮೀನಿನ ಮೈಮೇಲೆ ಕಾಣುವ ಕಪ್ಪು ಚುಕ್ಕೆಗಳು ಮತ್ತು ಕಣ್ಣಿನ ಬಿಳಿ ಪೊರೆ ಕೆಲವೊಮ್ಮೆ ಇವುಗಳ ಗುರುತು. ಆದರೆ ಗಮನಿಸಿ, ಈ ಚಕ್ರದ ಕೊನೆಯ ಮನೆ ಸಾಮಾನ್ಯವಾಗಿ ಮೀನು ತಿನ್ನುವ ಬಕ, ಮಿಂಚುಳ್ಳಿಯಂತಹ ಹಕ್ಕಿಗಳು. ಬೀಜ, ಚಿಗುರು ತಿನ್ನುವ ಬಾತುಗಳ ಪಾತ್ರ ಇಲ್ಲಿ ಕಡಿಮೆ. ಬಾತು ಬಸವನಹುಳುವನ್ನು ತಿನ್ನುವುದರಿಂದ ಚಕ್ರದ ನಡುವಿನ ಮನೆಯೇ ಕಡಿಮೆಯಾಗುತ್ತದೆ. ಬಸವನಹುಳುಗಳು ದನಗಳ ಪಿತ್ತಜನಕಾಂಗದ ಚಪ್ಪಟೆ ಹುಳುವಿಗೂ ಆಶ್ರಯವಾದ್ದರಿಂದ ಈ ಉಪಕಾರ ಕೊಟ್ಟಿಗೆಗೂ ಸಲ್ಲುತ್ತದೆ.

ಮೀನಿನಿಂದ ಹಕ್ಕಿಗೆ ಕೇಡಾಗುವುದೂ ಉಂಟು. 2017ರ ಕೊನೆಯಿಂದ 2018ರವರೆಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಮೇಲೊಂದು ಸತ್ತವು. ಅವುಗಳ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡುಬಂದವು. ಇಂತಹ ಹುಳುಗಳು ಹೆಜ್ಜಾರ್ಲೆಯ ಹೊಟ್ಟೆಗೆ ಹೋಗುವುದು ಅದು ತಿನ್ನುವ ಮೀನಿನ ಮೂಲಕ. ಕೆಟ್ಟ ನೀರಿನಲ್ಲಿ ಮೀನೂ ಸುಖವಾಗಿರುವುದಿಲ್ಲ, ಅದನ್ನು ನಂಬಿದ ಹಕ್ಕಿಯೂ ಸುಖವಾಗಿರುವುದಿಲ್ಲ.

ಬಾತಿನ ಕಾಲಿಗೆ, ರೆಕ್ಕೆಗೆ ಅಂಟಿ ಕಳೆಬೀಜಗಳು ಒಂದು ಕೊಳದಿಂದ ಇನ್ನೊಂದಕ್ಕೆ ಹೋಗಬಲ್ಲವು. ನಾವು ಬಿಡದೆಯೇ ಕೊಳದಲ್ಲಿ ಕಳೆಮೀನು ಹುಟ್ಟಿಕೊಳ್ಳುವುದನ್ನು ನೋಡಿ ಇದೂ ಬಾತಿನದೇ ಕೆಲಸವೆನ್ನುವವರಿದ್ದಾರೆ. 2020ರಲ್ಲಿ ಹಂಗೇರಿ ದೇಶದ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ನೋಡಿದರು. ಬಾತುಗಳಿಗೆ ಗೆಂಡೆ ಜಾತಿಯ ಮೀನುಗಳ 8000 ಮೊಟ್ಟೆಗಳನ್ನು ತಿನ್ನಿಸಿದಾಗ ಹಿಕ್ಕೆಯಲ್ಲಿ ಒಡೆಯದೆ ಹೊರಬಂದವು 18 ಮಾತ್ರ. ಅವುಗಳಲ್ಲಿ ಕೆಲವು ಜೀವಂತವಾಗಿದ್ದವು. ಆದ್ದರಿಂದ ಸಾಧ್ಯವೇ ಇಲ್ಲವೆನ್ನುವಂತಿಲ್ಲ. ಆದರೆ ಹಾರಂಗಿ ನಾಲೆಯ ನೀರನ್ನು ಜಾಲರಿಯಿಲ್ಲದೆ ಕೊಳಕ್ಕೆ ಬಿಟ್ಟರೆ ಒಂದೇ ದಿನದಲ್ಲಿ ಎಷ್ಟು ಕಳೆಮೀನು, ಎಷ್ಟು ರೋಗದ ಬೀಜ ಬರಬಹುದೆಂದು ಯೋಚಿಸಿ. ಕಿಟಕಿಯ ಸಂದಿಗೆ ಬಟ್ಟೆ ತುರುಕಿ ಬಾಗಿಲನ್ನು ಹಾರುಹೊಡೆದಂತಾಗಬಾರದು.

ಎಚ್ಚರಿಕೆ ಬೇಕಾದದ್ದು ಕೋಳಿಗೂಡಿಗೆ

ಕಾಡುಬಾತುಗಳ ವಿಷಯದಲ್ಲಿ ನಿಜವಾಗಿ ಹೆದರಬೇಕಾದ ರೋಗವೊಂದಿದೆ. ಅದು ಹಕ್ಕಿಜ್ವರ. ಇದು ಮೀನಿನ ರೋಗವಲ್ಲ. ಕೋಳಿ, ಸಾಕುಬಾತು, ಟರ್ಕಿಗಳ ರೋಗ. ಕೆಲವು ತಳಿಗಳು ಮನುಷ್ಯರಿಗೂ ತಗಲುತ್ತವೆ. ಕಾಡುಬಾತುಗಳು ಹೊರಗೆ ಆರೋಗ್ಯವಾಗಿ ಕಂಡರೂ ಈ ವೈರಾಣುವನ್ನು ಹೊತ್ತು ತಿರುಗಬಲ್ಲವು. 2017ರ ಜನವರಿಯಲ್ಲಿ ಮೈಸೂರಿನ ಚಾಮರಾಜೇಂದ್ರ ಮೃಗಾಲಯದಲ್ಲಿ ಹಕ್ಕಿಜ್ವರ ಖಚಿತವಾಗಿ ಸುಮಾರು ಒಂದು ತಿಂಗಳು ಮೃಗಾಲಯವನ್ನೇ ಮುಚ್ಚಬೇಕಾಯಿತು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಈ ರೋಗ ಕಾಣಿಸಿಕೊಂಡು ಸುತ್ತಲಿನ ಕೋಳಿಗಳನ್ನು ನಾಶಪಡಿಸಲಾಯಿತು.

ಆದುದರಿಂದ ಕಾಡುಬಾತು ಇಳಿಯುವ ಕೊಳದಲ್ಲಿ ನಿಮ್ಮ ಸಾಕುಬಾತುಗಳನ್ನು ಬಿಡಬೇಡಿ. ಆ ಕೊಳದ ನೀರನ್ನು ಕೋಳಿಗಳಿಗೆ ಕುಡಿಸಬೇಡಿ. ಕೊಳದ ಕೆಸರು ತುಳಿದ ಕಾಲಿನಲ್ಲಿ ಕೋಳಿಗೂಡಿಗೆ ಹೋಗಬೇಡಿ. ಒಂದೆರಡು ದಿನಗಳಲ್ಲಿ ಹಲವು ಹಕ್ಕಿಗಳು ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟದೆ, ಮಕ್ಕಳನ್ನೂ ನಾಯಿಗಳನ್ನೂ ದೂರವಿಟ್ಟು, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಬಾತು-ಮೀನು ಮಿಶ್ರ ಸಾಕಣೆ ಲಾಭದಾಯಕವೆಂಬುದು ನಿಜವಾದರೂ, ಕಾಡುಬಾತುಗಳು ಹೆಚ್ಚಾಗಿ ಬರುವ ಕಡೆ ಅದನ್ನು ಕೈಗೊಳ್ಳದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಸತ್ತ ಮೀನು ಹೇಳುವ ಕಥೆ

ಮೀನು ಸತ್ತಾಗ ಮೊದಲು ಯಾವುವು, ಯಾವಾಗ, ಹೇಗೆ ಸತ್ತವು ಎಂಬುದನ್ನು ನೋಡಬೇಕು.

ಬೆಳಗಿನ ಜಾವ, ದೊಡ್ಡ ಮೀನುಗಳು ಮೊದಲು, ಬಾಯಿ ತೆರೆದುಕೊಂಡು ಸತ್ತಿದ್ದರೆ ಆಮ್ಲಜನಕದ ಕೊರತೆಯೆಂದು ತಿಳಿಯಿರಿ.

ದಿನದ ಯಾವುದೋ ಹೊತ್ತಿನಲ್ಲಿ ಚಿಕ್ಕದು ದೊಡ್ಡದೆನ್ನದೆ ಎಲ್ಲವೂ ಒಮ್ಮೆಗೇ ಸತ್ತು, ಜೊತೆಗೆ ಕಪ್ಪೆ, ನೀರುಕೀಟಗಳೂ ಸತ್ತಿದ್ದರೆ ವಿಷ ಸೇರಿದೆಯೆಂದು ಶಂಕಿಸಿ.

ದಿನಕ್ಕೆ ನಾಲ್ಕೈದರಂತೆ, ಮೈಮೇಲೆ ಹುಣ್ಣು, ಕೆಂಪು ಕಲೆ, ಹೇನು ಅಥವಾ ಉದುರಿದ ಹುರುಪೆ ಕಾಣುತ್ತಿದ್ದರೆ ಅದು ರೋಗ.

ಇವುಗಳಲ್ಲಿ ಎರಡನೆಯದರ ಬಗ್ಗೆ ಒಂದು ಮಾತು. ಕೊಪ್ಪ, ಪಿರಿಯಾಪಟ್ಟಣ, ಹುಣಸೂರಿನ ಸುತ್ತ ಹೊಗೆಸೊಪ್ಪು ಮತ್ತು ಶುಂಠಿಗೆ ನಾವು ಸಿಂಪಡಿಸುವ ಔಷಧಿಗಳು ಕಡಿಮೆಯೇನಲ್ಲ. ಸೈಪರ್‌ಮೆಥ್ರಿನ್ ಜಾತಿಯ ಕೀಟನಾಶಕಗಳು ಲೀಟರ್ ನೀರಿಗೆ ಕೆಲವೇ ಮೈಕ್ರೋಗ್ರಾಂ ಸೇರಿದರೂ ಮೀನನ್ನು ಕೊಲ್ಲಬಲ್ಲವು. ಶುಂಠಿಯ ಗೆಡ್ಡೆಕೊಳೆಗೆ ಬುಡಕ್ಕೆ ಸುರಿಯುವ ತಾಮ್ರದ ಶಿಲೀಂಧ್ರನಾಶಕವೂ ಮೀನಿಗೆ ವಿಷವೇ. ಸಿಂಪಡಣೆಯಾದ ಸಂಜೆ ಮಳೆ ಬಂದು ಹೊಲದ ನೀರು ಕೊಳಕ್ಕಿಳಿದರೆ ಸಾಕು. ಕೊಳದಲ್ಲಿಯೇ ಸ್ಪ್ರೇಯರ್ ತೊಳೆಯುವವರಿಗಂತೂ ಹಕ್ಕಿಯನ್ನು ದೂರುವ ಅಧಿಕಾರವೇ ಇಲ್ಲ. ಬೆಳೆಗೆ ಇಂತಿಷ್ಟು ಔಷಧಿ ಹೊಡೆಯಿರೆಂದು ಹೇಳುವ ನಾವು, ಪಕ್ಕದಲ್ಲಿ ಮೀನಿನ ಕೊಳವಿದೆಯೇ ಎಂದು ಕೇಳುವುದಿಲ್ಲ. ಇದು ನಮ್ಮ ಲೋಪ.

ವಿಷ ಇಡಬೇಡಿ

ಬಾತುಗಳ ಕಾಟ ತಪ್ಪಿಸಲು ಭತ್ತಕ್ಕೆ ಕೀಟನಾಶಕ ಬೆರೆಸಿ ದಡದಲ್ಲಿಡುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಈಗಲೇ ಬಿಡಬೇಕೆಂದು ಕೈಮುಗಿದು ಕೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕಾಡುಬಾತನ್ನು ಕೊಲ್ಲುವುದು ಶಿಕ್ಷಾರ್ಹ ಅಪರಾಧ. ಕಾಯಿದೆಯ ಮಾತು ಹಾಗಿರಲಿ. ಆ ಭತ್ತವನ್ನು ಮನೆಯ ಕೋಳಿ ತಿನ್ನುತ್ತದೆ. ವಿಷ ತಿಂದ ಬಾತು ಕೊಳದಲ್ಲಿಯೇ ಬಿದ್ದು ಕೊಳೆಯುತ್ತದೆ. ಅರ್ಧ ಸತ್ತ ಹಕ್ಕಿಯನ್ನು ಯಾರೋ ಮಾಂಸಕ್ಕೆಂದು ಎತ್ತಿಕೊಂಡು ಹೋಗುತ್ತಾರೆ. ದಡದಲ್ಲಿ ಆಡುವ ಮಕ್ಕಳಿಗೆ ಭತ್ತ ಯಾವುದು, ವಿಷ ಯಾವುದು ಎಂದು ಗೊತ್ತಾಗುವುದಿಲ್ಲ. ಕೆಲವು ನೂರು ಮೀನುಗಳ ಬೆಲೆ ಮತ್ತೆ ಗಳಿಸಬಹುದು. ಇಂತಹ ಅನಾಹುತಕ್ಕೆ ಪರಿಹಾರವಿಲ್ಲ.

ಹಾಗಾದರೆ ಮಾಡಬೇಕಾದದ್ದೇನು?

ಚಳಿ ಆರಂಭವಾಗುವ ಮುನ್ನ, ಅಂದರೆ ಅಕ್ಟೋಬರ್-ನವೆಂಬರ್‌ನಲ್ಲಿ, 10 ಗುಂಟೆ ಕೊಳಕ್ಕೆ 20 ರಿಂದ 25 ಕಿಲೋ ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ತಣಿಸಿ, ಸಮನಾಗಿ ಎರಚಿ. ಹುಣ್ಣುರೋಗ ತಡೆಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ರೋಗ ಕಾಣಿಸಿಕೊಂಡರೆ ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ರೂಪಿಸಿದ ಸಿಫಾಕ್ಸ್ ಔಷಧಿಯನ್ನು, ಒಂದು ಮೀಟರ್ ಆಳದ ಹೆಕ್ಟೇರ್ ನೀರಿಗೆ ಒಂದು ಲೀಟರಿನ ಲೆಕ್ಕದಲ್ಲಿ ಬಳಸಬಹುದು. 10 ಗುಂಟೆಗೆ ಇದು 100 ಮಿಲಿಲೀಟರ್ ಆಗುತ್ತದೆ.

ವಾರಕ್ಕೊಮ್ಮೆ ಮೊಣಕೈ ಪರೀಕ್ಷೆ ಮಾಡಿ. ತೋಳನ್ನು ಮೊಣಕೈವರೆಗೆ ಮುಳುಗಿಸಿದಾಗ ಅಂಗೈ ಮಸುಕಾಗಿ ಕಂಡರೆ ನೀರು ಸರಿಯಾಗಿದೆ. ಕಾಣದಿದ್ದರೆ ಸಗಣಿ, ತೌಡು, ಹಿಂಡಿಗಳನ್ನು ಕೂಡಲೇ ನಿಲ್ಲಿಸಿ. ಮೋಡದ ದಿನಗಳಲ್ಲಿ ಆಹಾರವನ್ನು ಅರ್ಧಕ್ಕಿಳಿಸಿ. ಮೀನು ಬಾಯಿ ತೆರೆಯುತ್ತಿದ್ದರೆ ಪಂಪ್‌ಸೆಟ್ಟಿನ ನೀರನ್ನು ಎತ್ತರದಿಂದ ಚಿಮ್ಮುವಂತೆ ಕೊಳಕ್ಕೆ ಬಿಡಿ. ವಿದ್ಯುತ್ ಇಲ್ಲದಿದ್ದರೆ ಕೊಳದ ನೀರನ್ನೇ ಗಳದಿಂದ ಬಡಿಯುವುದೂ ಪ್ರಯೋಜನಕಾರಿ.

ಹತ್ತು ಗುಂಟೆಗೆ 400 ರಿಂದ 500 ಮರಿ ಸಾಕು. ದುಡ್ಡು ಸ್ವಲ್ಪ ಹೆಚ್ಚಾದರೂ ನಾಲ್ಕು ಅಂಗುಲದ ಬಲಿತ ಮರಿಗಳನ್ನೇ ಕೊಳ್ಳಿ. ಮರಿಗಳ ಜೊತೆ ಮೀನುಹೇನು ಬರುವುದು ಹಕ್ಕಿಗಳಿಂದ ಬರುವ ಯಾವುದೇ ಹುಳುವಿಗಿಂತ ಸಾಮಾನ್ಯ. ಬಿಡುವ ಮುನ್ನ ನೂರು ಲೀಟರ್ ನೀರಿಗೆ 2 ರಿಂದ 3 ಕಿಲೋ ಅಡುಗೆ ಉಪ್ಪು ಕರಗಿಸಿ, ಮರಿಗಳನ್ನು ಒಂದೆರಡು ನಿಮಿಷ ಅದರಲ್ಲಿ ಅದ್ದಿ ತೆಗೆಯಿರಿ. ಮರಿ ಮಗುಚಿದರೆ ತಕ್ಷಣ ತೆಗೆಯಬೇಕು.

ನಾಲೆಯ ನೀರು ಒಳಬರುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ. ಹೊಲದ ಬಸಿನೀರು ಕೊಳಕ್ಕೆ ಇಳಿಯದಂತೆ ಸುತ್ತ ಬದು ಹಾಕಿ. ಅಕ್ಕಪಕ್ಕದ ಜಮೀನಿನವರಿಗೆ ಕೊಳದಲ್ಲಿ ಮೀನಿದೆಯೆಂದು ತಿಳಿಸಿಡಿ.

ನೀರುಕಾಗೆಯ ಕಾಟವಿರುವಲ್ಲಿ ಮರಿ ಬಿಟ್ಟ ಮೊದಲ ಎರಡು ತಿಂಗಳು ಕೊಳದ ಮೇಲೆ ಅಡ್ಡಡ್ಡ ಹಗ್ಗ ಅಥವಾ ಹೊಳೆಯುವ ಪಟ್ಟಿಗಳನ್ನು ಬಿಗಿಯಾಗಿ ಎಳೆದು ಕಟ್ಟಿ. ಸಡಿಲವಾದ ನೈಲಾನ್ ಬಲೆಗೆ ಹಕ್ಕಿಗಳು, ಹಾವುಗಳು ಸಿಕ್ಕಿ ಸಾಯುತ್ತವೆ. ಒಂದು ಮೂಲೆಯಲ್ಲಿ ಬಿದಿರಿನ ಕೊಂಬೆಗಳನ್ನು ಮುಳುಗಿಸಿಟ್ಟರೆ ಮರಿಗಳಿಗೆ ಅಡಗಲು ಜಾಗವಾಗುತ್ತದೆ.

ಕೊನೆಯದಾಗಿ, ಒಂದು ಹಳೆಯ ನೋಟುಬುಕ್ಕನ್ನು ಕೊಳದ ಹೆಸರಿನಲ್ಲಿಡಿ. ಯಾವ ದಿನ ಎಷ್ಟು ಮೀನು ಸತ್ತವು, ಮೋಡವಿತ್ತೇ, ನೀರಿನ ಬಣ್ಣವೇನು, ಸುತ್ತ ಯಾರಾದರೂ ಔಷಧಿ ಹೊಡೆದಿದ್ದರೇ, ಯಾವ ಹಕ್ಕಿ ಎಷ್ಟು ಬಂದಿದ್ದವು ಎಂದು ಬರೆಯಿರಿ. ಬಾತು ಬಂದೂ ಮೀನು ಸಾಯದ ದಿನಗಳನ್ನೂ ಬರೆಯಲು ಮರೆಯಬೇಡಿ. ನಾವು ಮರೆಯುವುದು ಆ ದಿನಗಳನ್ನೇ. ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ಹೋಗುವಾಗ ಆ ಪುಸ್ತಕವನ್ನು, ಮಂಜುಗಡ್ಡೆಯಲ್ಲಿಟ್ಟ ಆಗತಾನೆ ಸತ್ತ ಎರಡು ಮೀನನ್ನು, ಒಂದು ಬಾಟಲಿ ಕೊಳದ ನೀರನ್ನು ಕೊಂಡೊಯ್ಯಿರಿ. ನಿಮ್ಮ ಮಾತಿಗಿಂತ, ನನ್ನ ಮಾತಿಗಿಂತ ಅವು ನಿಖರವಾಗಿ ಉತ್ತರ ಹೇಳುತ್ತವೆ.

ಕೊಪ್ಪದ ಆ ರೈತರು ಬಲೆಯನ್ನು ಬಿಚ್ಚಿ ಈಗ ತೊಂಡೆಯ ಚಪ್ಪರಕ್ಕೆ ಹಾಕಿದ್ದಾರೆ. ಕೊಟ್ಟಿಗೆಯ ನೀರನ್ನು ತಿಪ್ಪೆಗೆ ತಿರುಗಿಸಿದ್ದಾರೆ. ಚಳಿಗಾಲದ ಸಂಜೆ ಅವರ ಕೊಳಕ್ಕೆ ವರಟೆಗಳು ಮತ್ತೆ ಬಂದಿಳಿಯುತ್ತವೆ. ಕಳೆದ ಸಲ ಹೋದಾಗ ಮೀನು ಹೇಗಿದೆಯೆಂದು ಕೇಳಿದೆ. "ಮೀನೂ ಅವೆ, ಬಾತೂ ಅವೆ ಸಾರ್. ನಿಮ್ಮ ಬಲೆ ಖರ್ಚು ಮಾತ್ರ ಹೋಯ್ತು" ಎಂದು ನಕ್ಕರು. ಆ ಮಾತನ್ನು ಕೇಳಿಸಿಕೊಳ್ಳಬೇಕಾದವನು ನಾನೇ. ನೀವು ಅಂತಹ ಖರ್ಚಿಗೆ ಇಳಿಯುವ ಮುನ್ನ ಒಮ್ಮೆ ನೀರಿನಲ್ಲಿ ಕೈಯಿಟ್ಟು ನೋಡಿ ಎಂಬುದೇ ನನ್ನ ವಿನಂತಿ.